ಬೀರುವಿನ ಹಿಂದಿನ ಗೋಡೆ: ಮಳೆಗಾಲದ ಬೂಷ್ಟಿಗೆ ನಾನು ಮಾಡುವ ಕೆಲಸಗಳು

ನಮ್ಮ ಮನೆ ಮಡಿಕೇರಿಯಲ್ಲಿದೆ. ಆರು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಆರ್‌ಸಿಸಿ. ವಾಸ್ತು ನೋಡಿ ಮಲಗುವ ಕೋಣೆಯನ್ನು ನೈಋತ್ಯ ಮೂಲೆಗೆ ಕಟ್ಟಿಸಿದ್ದೇವೆ. ಮುಂಗಾರು ಮಳೆ ಬೀಸಿ ಹೊಡೆಯುವುದೂ ಅದೇ ದಿಕ್ಕಿನಿಂದ.

ನಾಲ್ಕು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬೀರು ತೆರೆದೆ. ಒದ್ದೆ ಮಣ್ಣಿನಂಥ ವಾಸನೆ. ನನ್ನ ಧಾರೆ ಸೀರೆಯ ಮಡಿಕೆಯಲ್ಲಿ ಬೂದು ಬಣ್ಣದ ಚುಕ್ಕೆಗಳು. ಬೀರು ಸರಿಸಿದರೆ ಹಿಂದಿನ ಗೋಡೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಬೀರುವಿನ ಅಳತೆಗೇ ಕಪ್ಪಾಗಿತ್ತು. ಮಗಳು ಅದೇ ಕೋಣೆಯಲ್ಲಿ ಜೂನ್‌ನಿಂದ ಕೆಮ್ಮುತ್ತಿದ್ದಳು. ಥಂಡಿ ಅಂದುಕೊಂಡು ಕಷಾಯ ಕುಡಿಸುತ್ತಿದ್ದೆ. ಬೂಷ್ಟು ಕೆಮ್ಮು, ಉಬ್ಬಸ ಜಾಸ್ತಿ ಮಾಡುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಅವತ್ತಿನಿಂದ ಈ ಗೋಡೆಯನ್ನು ನಾನು ಬಿಟ್ಟಿಲ್ಲ.

ಮೊದಲ ವರ್ಷ ಒಂದು ತಪ್ಪು ಮಾಡಿದೆವು. ಮಳೆ ನಿಂತ ಅಕ್ಟೋಬರ್‌ನಲ್ಲೇ ಗೋಡೆ ಉಜ್ಜಿಸಿ, ದುಬಾರಿ ಪ್ಲಾಸ್ಟಿಕ್ ಎಮಲ್ಶನ್ ಹೊಡೆಸಿದೆವು. ಮುಟ್ಟಿದರೆ ಒಣಗಿದ ಹಾಗಿದ್ದ ಗೋಡೆಯ ಒಳಗೆ ನೀರು ಹಾಗೇ ಇತ್ತು. ಮುಂದಿನ ಆಷಾಢಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿ ನಿಂತಿತು. ಅದಕ್ಕೇ ಹೇಳುತ್ತೇನೆ, ಬ್ರಷ್ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿಯಿರಿ.

ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಪಸೆ ಇರುವ ಗೋಡೆಗೆ ಟೇಪ್ ನಿಲ್ಲುವುದಿಲ್ಲ. ಮೊದಲು ಬಟ್ಟೆಯಲ್ಲಿ ಒರೆಸಿ, ಆ ಜಾಗಕ್ಕೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ. ಎರಡು ದಿನ ಬಿಟ್ಟು ನೋಡಿ. ಫಾಯಿಲಿನ ಮುಂಭಾಗ ಬೆವರಿದ್ದರೆ ಅದು ಕೋಣೆಯ ಗಾಳಿಯ ನೀರು. ಹಿಂಭಾಗ ಒದ್ದೆಯಾಗಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ನಮ್ಮದು ಎರಡೂ ಆಗಿತ್ತು! ಬೀರುವಿನ ಜಾಗದಲ್ಲಿ ಮುಂಭಾಗ ಒದ್ದೆ, ಕಿಟಕಿಯ ಮೇಲೆ ಹಿಂಭಾಗ ಒದ್ದೆ. ಹೊರಗೆ ಏಣಿ ಹಾಕಿ ನೋಡಿದರೆ ಸಜ್ಜಾ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು. ನೆಲದಿಂದ ಮೂರು ಅಡಿಯೊಳಗೇ ಪಸೆ ಇದ್ದು, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿದ್ದರೆ ತಳಪಾಯದಿಂದ ನೀರು ಏರುತ್ತಿರಬಹುದು. ಅದು ಬೇರೆಯೇ ಕೆಲಸ, ತಿಳಿದ ಮೇಸ್ತ್ರಿಗೆ ತೋರಿಸಿ.

ಗೋಡೆ ಬೆವರುವುದು ಯಾಕೆ? ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುತ್ತದೆ ಅಲ್ವಾ, ಅದೇ ಕಥೆ. ಮಳೆ ಕುಡಿದ ಗೋಡೆ ತಣ್ಣಗಿರುತ್ತದೆ. ಬೀರು ಒತ್ತಿಕೊಂಡು ನಿಂತರೆ ಕೋಣೆಯ ಬಿಸಿಯೂ ಅದಕ್ಕೆ ತಾಗುವುದಿಲ್ಲ, ಗಾಳಿಯೂ ಆಡುವುದಿಲ್ಲ. ನಮ್ಮ ಉಸಿರು, ಬಚ್ಚಲಿನ ಹಬೆ, ಒಣಹಾಕಿದ ಬಟ್ಟೆಯ ನೀರು ಎಲ್ಲ ಅಲ್ಲೇ ಹೋಗಿ ಕೂರುತ್ತದೆ. ಒಂದು ಸಲ ತೂಗುವ ಕೊಕ್ಕೆಗೆ ಹಾಕಿ ಡಬಲ್ ಬೆಡ್‌ಶೀಟ್ ತೂಗಿದೆ. ಹಿಂಡಿದ ಮೇಲೆ 1 ಕಿಲೋ 900 ಗ್ರಾಂ, ಒಣಗಿದ ಮೇಲೆ 900 ಗ್ರಾಂ. ಒಂದು ಲೀಟರ್ ನೀರನ್ನು ನಾನೇ ಕೋಣೆಗೆ ಬಿಟ್ಟಿದ್ದೆ. ಈಗ ಬಟ್ಟೆಯನ್ನೆಲ್ಲ ಹಿಂದಿನ ಶೀಟಿನ ಮಾಡಿನ ಕೆಳಗೆ ಹಾಕುತ್ತೇನೆ. ಎರಡು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಕಿಟಕಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚಳಿ ದೇಶದವರು ಕಿಟಕಿ ತೆರೆಯಿರಿ ಅನ್ನುತ್ತಾರೆ. ಅಲ್ಲಿ 5 ಡಿಗ್ರಿಯ ಹೊರಗಾಳಿಯಲ್ಲಿ ನೀರು ಕಡಿಮೆ, ಅದು ಒಳಗೆ ಬಂದು ಬಿಸಿಯಾದರೆ ಕೋಣೆ ಒಣಗುತ್ತದೆ. ನಮ್ಮ ಜುಲೈ ಹಾಗಲ್ಲ. ಹೊರಗೆ 18 ಡಿಗ್ರಿ, ಮಂಜು ಕಿಟಕಿಯಿಂದ ನೇರ ಹಾಸಿಗೆಗೇ ಬರುತ್ತದೆ. ಆ ಗಾಳಿಯ ತೇವಾಂಶ ಶೇಕಡಾ 100ರ ಹತ್ತಿರ. 24 ಡಿಗ್ರಿಗೆ ಬಿಸಿಯಾದರೆ ಮಾತ್ರ ಅದು ಸುಮಾರು 70ಕ್ಕೆ ಇಳಿಯುತ್ತದೆ. ಹಾಗಾಗಿ ಮಂಜು ಮುಸುಕಿದಾಗ ಕಿಟಕಿ ಮುಚ್ಚಿರಲಿ. ಮಳೆ ಹೊಳವಾಗಿ ಬಿಸಿಲು ಇಣುಕಿದ ಕೂಡಲೇ ಎದುರುಬದುರು ಕಿಟಕಿ ತೆರೆದು ಫ್ಯಾನ್ ಹಾಕಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗೋಡೆಗೆ ಹತ್ತಿರ ಇಡಿ. ಅಂಕಿ 80ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. 60ರ ಹತ್ತಿರ ಇಳಿಸಲು ನಾವು ಕೊನೆಗೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್ ತಂದೆವು. ಕೋಣೆ ಮುಚ್ಚಿ ಓಡಿಸಿದರೆ ದಿನಕ್ಕೆ ಎರಡು ಮೂರು ಲೀಟರ್ ನೀರು ಹಿಡಿಯುತ್ತದೆ, ಕರೆಂಟ್ ಇದ್ದರೆ.

ಅತ್ತೆಯ ಕಾಲದಲ್ಲಿ ಮನೆಯೊಳಗೆ ಸದಾ ಒಲೆ ಉರಿಯುತ್ತಿತ್ತು, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಅದೇ ನೆನಪಲ್ಲಿ ಆರ್‌ಸಿಸಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ತರಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಇನ್ನು ತೊಳೆಯುವುದು. ಉಬ್ಬಸ ಇರುವವರು, ಮಕ್ಕಳು ಹೊರಗಿರಲಿ. ಮಾಸ್ಕ್, ಕೈಗವಸು ಹಾಕಿ, ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಉಜ್ಜಬೇಡಿ, ಮನೆಯೆಲ್ಲ ಹಾರುತ್ತದೆ. ಪಾತ್ರೆ ಸೋಪಿನ ನೀರು ಚಿಮುಕಿಸಿ, ಹಳೇ ಪಂಚೆಯ ತುಂಡಿನಿಂದ ಮೇಲಿಂದ ಕೆಳಕ್ಕೆ ಒರೆಸಿ. ಒಂದು ತುಂಡು ಒಂದೇ ಸಲ, ಆಮೇಲೆ ಕವರಿಗೆ ಹಾಕಿ ಕಟ್ಟಿಬಿಡಿ. ಕಲೆ ಉಳಿದರೆ ಒಂದು ಲೀಟರ್ ನೀರಿಗೆ 60 ಎಂಎಲ್ ಬ್ಲೀಚ್ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ ಒಣಗಿಸಿ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಲೇಬಾರದು, ವಿಷಗಾಳಿ ಏಳುತ್ತದೆ. ಸುಣ್ಣದ ಗೋಡೆಗಂತೂ ವಿನೆಗರ್ ಬೇಡ, ಸುಣ್ಣವನ್ನೇ ತಿನ್ನುತ್ತದೆ. ಕರ್ಪೂರ, ಊದುಬತ್ತಿ ವಾಸನೆ ಮುಚ್ಚುತ್ತವೆ, ಅಷ್ಟೇ.

ಗೋಡೆಯ ರಿಪೇರಿಗೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಹೊರಗಿನ ಬಿರುಕು ಮುಚ್ಚಿಸಿ, ಹೊರಗೋಡೆಗೆ ನೀರು ತಡೆಯುವ ಪೇಂಟ್ ಹೊಡೆಸಿದೆವು. ಒಳಗಿನ ಉಬ್ಬಿದ ಪೇಂಟ್ ಕೆರೆಸಿ ಸುಣ್ಣ ಬಳಿಸಿದೆವು. ಸುಣ್ಣದ ಮೂಲಕ ಗೋಡೆ ಆರುತ್ತದೆ, ಬೂಷ್ಟೂ ಸುಲಭಕ್ಕೆ ಹತ್ತುವುದಿಲ್ಲ. ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಮಳೆ ಹೊಡೆಯುವ ಗೋಡೆಗೆ ಜೂನ್ ಮೊದಲೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದನ್ನು ನೆನೆದು ನಮ್ಮನೆಯವರು ಆ ಗೋಡೆಯ ಮೇಲೆ ಮೂರು ಅಡಿ ಶೀಟ್ ಹೊರಚಾಚಿಸಿದರು. ಮಾಡಿದ್ದರಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಬೀರು ಈಗ ಒಳಗೋಡೆಗೆ ಹೋಗಿದೆ, ಹಿಂದೆ ನಾಲ್ಕು ಬೆರಳು ಜಾಗ. ಮಂಚವೂ ಗೋಡೆಯಿಂದ ದೂರ. ಸೀರೆಗಳನ್ನು ಪ್ಲಾಸ್ಟಿಕ್ ಕವರಿಂದ ತೆಗೆದು ಹತ್ತಿ ಪಂಚೆಯಲ್ಲಿ ಸುತ್ತಿದ್ದೇನೆ. ಪ್ರತಿ ಭಾನುವಾರ ಬೀರುವಿನ ಹಿಂದೆ ಟಾರ್ಚ್ ಬಿಟ್ಟು ನೋಡುತ್ತೇನೆ. ಕಳೆದ ಆಗಸ್ಟ್‌ನಲ್ಲಿ ಕಿಟಕಿಯ ಮೂಲೆಯಲ್ಲಿ ಅಂಗೈಯಷ್ಟು ಕಪ್ಪಾಗಿತ್ತು. ಅವತ್ತೇ ಒರೆಸಿ ಒಣಗಿಸಿದೆ, ಮತ್ತೆ ಬರಲಿಲ್ಲ.