ಬ್ಲಾಂಚ್ ಮಾಡುವ ಕ್ರಮ, ಆ ಪದದ ಬೇರೆ ಅರ್ಥಗಳು

ಡಿಸೆಂಬರ್ ಬಂತೆಂದರೆ ಮುಂಬಯಿಯ ದಾದರಿನಲ್ಲೂ ಪುಣೆಯ ಮಂಡಯಿ ಮಾರುಕಟ್ಟೆಯಲ್ಲೂ ಹಸಿ ಬಟಾಣಿ ರಾಶಿ ಬೀಳುತ್ತದೆ. ಅಗ್ಗವಾಗಿರುವಾಗಲೇ ನಾಲ್ಕೈದು ಕಿಲೋ ತಂದು, ಟಿವಿ ಮುಂದೆ ಕೂತು ಸುಲಿದು, ಫ್ರೀಜರಿಗೆ ತುಂಬಿಡುವ ಮನೆಗಳು ಡೊಂಬಿವಲಿಯಿಂದ ಗೋರೆಗಾಂವ್‌ವರೆಗೆ ನಮ್ಮ ಕನ್ನಡದವರಲ್ಲಿ ಬೇಕಾದಷ್ಟಿವೆ. ಹೋಳಿ ಹೊತ್ತಿಗೆ ಅದೇ ದೂರು: ಕಾಳು ಬಣ್ಣಗೆಟ್ಟಿದೆ, ಒಣಹುಲ್ಲಿನ ವಾಸನೆ ಬರುತ್ತಿದೆ, ಎಷ್ಟು ಬೇಯಿಸಿದರೂ ಸಿಪ್ಪೆ ತೊಗಲಿನ ಹಾಗಿದೆ. ಬೈಗುಳ ಫ್ರಿಜ್ಜಿಗೆ ಬೀಳುತ್ತದೆ. ಆದರೆ ಕೆಟ್ಟಿರುವುದು ಅದಕ್ಕಿಂತ ಮೊದಲಿನ ಎರಡು ನಿಮಿಷದಲ್ಲಿ. ಕುದಿಯುವ ನೀರಲ್ಲಿ ತುಸು ಹೊತ್ತು ಅದ್ದಿ, ತಕ್ಷಣ ತಣ್ಣೀರಿಗೆ ಹಾಕುವುದೇ ಬ್ಲಾಂಚ್. ಅಡುಗೆ ವಿಡಿಯೊಗಳಲ್ಲಿ 'ಬ್ಲಾಂಚ್ ಮಾಡ್ಕೊಳ್ಳಿ' ಎಂದು ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಕೇಳಿದವರು ಒಂದೋ ಅದನ್ನು ಬಿಟ್ಟೇಬಿಡುತ್ತಾರೆ, ಇಲ್ಲವೇ ಪೂರ್ತಿ ಬೇಯಿಸಿಬಿಡುತ್ತಾರೆ.

ಬ್ಲಾಂಚ್ ಎಂದರೆ ಮೂಲದಲ್ಲಿ ಬಿಳಿ ಮಾಡು ಎಂದೇ ಅರ್ಥ. ಬಿಳಿ ಎನ್ನುವ ಫ್ರೆಂಚ್ ಪದದಿಂದ ಇಂಗ್ಲಿಷಿಗೆ ಬಂದ ಕ್ರಿಯಾಪದ ಅದು. ನಾವು ಹೊದೆಯುವ ಬ್ಲಾಂಕೆಟ್ಟೂ ಅದೇ ಬಳಗದ್ದು, ಮೊದಲು ಅದು ಬಿಳಿ ಉಣ್ಣೆಬಟ್ಟೆಯ ಹೆಸರು. ಬಾದಾಮಿಯನ್ನು ಬಿಸಿನೀರಲ್ಲಿ ಅದ್ದಿ, ಕಂದು ಸಿಪ್ಪೆ ಕಳಚಿ ಬೆಳ್ಳಗೆ ಮಾಡುವುದಕ್ಕೆ ಈ ಪದ ಸರಿಯಾಗಿ ಕೂರುತ್ತದೆ. ಹಾಗೆ ಬಿಸಿನೀರಲ್ಲಿ ಅದ್ದಿ ತೆಗೆಯುವ ಕ್ರಮ ತರಕಾರಿಗೂ ಬಂದಾಗ ಹೆಸರು ಜೊತೆಗೇ ಬಂತು. ಆದ್ದರಿಂದಲೇ ಹಸಿರು ಪಾಲಕ್ ಹಸಿರಾಗಿಯೇ ಉಳಿಯಲಿ ಎಂದು ಮಾಡುವ ಕೆಲಸಕ್ಕೂ ಅದೇ ಮಾತು. ಬಟ್ಟೆಗೆ ಹಾಕುವ ಬ್ಲೀಚ್ ಬೇರೆಯೇ ವಸ್ತು. ಹೆಸರು ಹತ್ತಿರವೆಂದು ಎರಡನ್ನೂ ಒಂದು ಮಾಡಬೇಡಿ, ಅಡುಗೆ ಕಟ್ಟೆಯ ಹತ್ತಿರ ಅದರ ಬಾಟಲಿಯನ್ನೂ ಇಡಬೇಡಿ.

ಈಗ ಬಟಾಣಿಗೆ ಬರೋಣ. ಕಿತ್ತ ಮೇಲೂ ಕಾಳಿನೊಳಗೆ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಬಣ್ಣ, ರುಚಿ, ಮೃದುತನ ಕೆಡಿಸುವುದು ಅವೇ. ಫ್ರೀಜರಿನ ಚಳಿ ಅವುಗಳನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಲ್ಲಿಸಲು ಬಿಸಿ ಬೇಕು, ಅದೂ ಚುರುಕಾದ ಬಿಸಿ. ಅರೆಬರೆ ಬಿಸಿ ಮುಟ್ಟಿಸಿದರೆ ಕಿಣ್ವಗಳು ನಿಲ್ಲುವ ಬದಲು ಇನ್ನೂ ಚುರುಕಾಗುತ್ತವೆ. ಹಾಗೆ ಮಾಡುವುದಕ್ಕಿಂತ ಏನೂ ಮಾಡದೆ ತುಂಬಿಡುವುದೇ ವಾಸಿ.

ಸಿಪ್ಪೆ ಸಮೇತ ಒಂದು ಕಿಲೋ ತಂದರೆ ಸುಲಿದ ಕಾಳು ಸುಮಾರು 400 ಗ್ರಾಂ ಸಿಗುತ್ತದೆ. ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ನೀರು ಬೇಕು. ಅಷ್ಟು ದೊಡ್ಡ ಪಾತ್ರೆ ಇಲ್ಲವೆಂದರೆ ಎರಡು ಲೀಟರಿಗೆ 250 ಗ್ರಾಂ ಹಾಕಿ, ಎರಡು ಸಲ ಮಾಡಿ. ನೀರು ಕಡಿಮೆ, ಕಾಳು ಜಾಸ್ತಿ ಆದರೆ ಕುದಿ ಇಳಿದುಹೋಗಿ ಮತ್ತೆ ಏಳುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹೊರಗಿನದು ಬೆಂದು ಒಳಗಿನದು ಹಾಗೇ ಉಳಿಯುತ್ತದೆ. ಪರೀಕ್ಷೆ ಸುಲಭ. ಕಾಳು ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ತಳಮಳ ಕುದಿಯಬೇಕು. ಕುದಿಯದಿದ್ದರೆ ಮುಂದಿನ ಸಲ ಕಾಳು ಕಮ್ಮಿ ಹಾಕಿ. ಸಮಯ ಎಣಿಸುವುದು ಕಾಳು ಹಾಕಿದಾಗಿನಿಂದ ಅಲ್ಲ, ಕುದಿ ಮರಳಿದಾಗಿನಿಂದ. ಬಟಾಣಿಗೆ ಒಂದೂವರೆ ನಿಮಿಷ, ಅಷ್ಟೇ.

ಆ ಒಂದೂವರೆ ನಿಮಿಷ ಬೇರೆ ಕೆಲಸಕ್ಕೆ ಹೋಗದೆ ಒಲೆಯ ಹತ್ತಿರವೇ ನಿಂತು ನೋಡಿ. ಮಂಕಾಗಿದ್ದ ಕಾಳು ಮೊದಲು ಮುಳುಗುತ್ತದೆ. ಅರ್ಧ ನಿಮಿಷದೊಳಗೆ ಹಸಿರು ಒಮ್ಮೆಲೇ ಹೊಳೆಯತೊಡಗುತ್ತದೆ. ಕಾಳಿನೊಳಗೆ ಸೇರಿಕೊಂಡಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಹೊರಬಿದ್ದು, ಒಳಗಿನ ಬಣ್ಣ ನೇರವಾಗಿ ಕಣ್ಣಿಗೆ ಕಾಣುವುದರಿಂದ ಆ ಹೊಳಪು. ಕೆಲವು ಕಾಳು ಮೇಲೆ ತೇಲಿ ಬರುತ್ತವೆ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಗಿಯಾಗಿಯೇ ಇರಬೇಕು. ಸುಕ್ಕುಗಟ್ಟಿ ಸಿಪ್ಪೆ ಜಾರಿದರೆ ಹೊತ್ತು ಮೀರಿತೆಂದೇ ತಿಳಿಯಿರಿ.

ಪಾತ್ರೆಗೆ ಮುಚ್ಚಳ ಮುಚ್ಚಬೇಡಿ. ತರಕಾರಿ ಬೇಯುವಾಗ ಆಮ್ಲ ಹೊರಬರುತ್ತದೆ. ಅದರಲ್ಲಿ ಒಂದಷ್ಟು ಆವಿಯೊಡನೆ ಹಾರಿಹೋಗಬೇಕು. ಮುಚ್ಚಿದರೆ ಆವಿ ತೊಟ್ಟಿಕ್ಕಿ ಮತ್ತೆ ನೀರಿಗೇ ಬೀಳುತ್ತದೆ. ಪತ್ರಹರಿತಿನ ನಡುವೆ ಕೂತಿರುವ ಮೆಗ್ನೀಸಿಯಂ ಕಣವನ್ನು ಆಮ್ಲ ಕಿತ್ತುಹಾಕುತ್ತದೆ, ಅದು ಹೋದರೆ ಹಸಿರು ಮಾಸಿ ಹಳೆ ಖಾಕಿ ಬಣ್ಣಕ್ಕೆ ತಿರುಗುತ್ತದೆ. ಕೆಲವರು ಹಸಿರು ಉಳಿಯಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಹಸಿರು ಉಳಿಯುತ್ತದೆ ನಿಜ, ಆದರೆ ಕಾಳು ಕೊಳಕೊಳ ಆಗುತ್ತದೆ, ಬಿ ಜೀವಸತ್ವವೂ ನಷ್ಟ. ಬೇಡ.

ಇನ್ನರ್ಧ ಕೆಲಸ ತಣ್ಣೀರಿನದು, ಸೋಲುವುದೂ ಇಲ್ಲೇ ಹೆಚ್ಚು. ತೂತಿನ ಸೌಟಿನಲ್ಲಿ ತೆಗೆದು ಜರಡಿಗೆ ಸುರಿದು ನಲ್ಲಿ ಬಿಟ್ಟರೆ ಆಯಿತೆಂದುಕೊಳ್ಳುತ್ತಾರೆ. ಮುಂಬಯಿಯಲ್ಲಿ ಮಧ್ಯಾಹ್ನದ ಹೊತ್ತು ಟೆರೇಸಿನ ಟ್ಯಾಂಕಿಯಿಂದ ಬರುವ ನೀರು ಉಗುರು ಬೆಚ್ಚಗಿರುತ್ತದೆ. ಅದರಲ್ಲಿ ಕಾಳು ಒಳಗೊಳಗೇ ಬೇಯುತ್ತಾ ಹೋಗುತ್ತದೆ. ಅರ್ಧ ಕಿಲೋ ಕಾಳಿಗೆ ಹೆಚ್ಚುಕಡಿಮೆ ಅರ್ಧ ಕಿಲೋ ಐಸ್ ಬೇಕು. ಅಷ್ಟು ಐಸ್ ಮನೆಯಲ್ಲಿ ಆಗುವುದಿಲ್ಲ ಎನ್ನುವವರು ಹಿಂದಿನ ರಾತ್ರಿಯೇ ಎರಡು ಮೂರು ಬಾಟಲಿ ನೀರನ್ನು ಫ್ರಿಜ್ಜಿನಲ್ಲಿಟ್ಟು, ಒಂದು ಸ್ಟೀಲ್ ಡಬ್ಬಿಯಲ್ಲಿ ನೀರು ಗಡ್ಡೆ ಕಟ್ಟಿಸಿಕೊಳ್ಳಿ. ಡಬ್ಬಿ ಮುಕ್ಕಾಲಷ್ಟೇ ತುಂಬಿ, ನೀರು ಗಡ್ಡೆಯಾಗುವಾಗ ಉಬ್ಬುತ್ತದೆ. ಬಿಸಿನೀರಲ್ಲಿ ಎಷ್ಟು ಹೊತ್ತು ಇತ್ತೋ ತಣ್ಣೀರಲ್ಲೂ ಕಡಿಮೆಯೆಂದರೆ ಅಷ್ಟು ಹೊತ್ತು ಇರಲಿ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ, ನಡುಭಾಗ ತಣ್ಣಗಿದ್ದರೆ ಆಯಿತು. ಅದಕ್ಕಿಂತ ಹೆಚ್ಚು ನೆನೆಸಿದರೆ ಕಾಳಿನ ಸಿಹಿಯೆಲ್ಲ ನೀರಿಗೆ ಹೋಗುತ್ತದೆ.

ಆಮೇಲೆ ಹಳೆ ಹತ್ತಿ ಪಂಚೆಯ ಮೇಲೆ ಹರಡಿ ಮೇಲಿನ ಪಸೆ ಪೂರ್ತಿ ಆರಿಸಿ. ಪಸೆ ಉಳಿದರೆ ಅದೇ ಐಸಾಗಿ ಕಾಳೆಲ್ಲ ಇಟ್ಟಿಗೆಯಂತೆ ಒಂದಾಗುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಎರಡು ಗಂಟೆ ಫ್ರೀಜರಿನಲ್ಲಿಟ್ಟು, ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಂದು ಹೊತ್ತಿನ ಅಡುಗೆಗೆ ಎಷ್ಟು ಬೇಕೋ ಅಷ್ಟರ ಚೀಲ ಮಾಡಿ, ಮೇಲೆ ತಿಂಗಳು ಬರೆಯಿರಿ. ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಬೇಡಿ. ಮೈನಸ್ 18 ಡಿಗ್ರಿ ನಿಲ್ಲುವ ಫ್ರೀಜರಾದರೆ ಆರು ತಿಂಗಳು ಧಾರಾಳ ಬರುತ್ತದೆ. ಒಂದೇ ಬಾಗಿಲಿನ ಹಳೆ ಫ್ರಿಜ್ಜಿನ ಪುಟ್ಟ ಪೆಟ್ಟಿಗೆಯನ್ನು ನಂಬಿ ಅಷ್ಟು ದಿನ ಇಡಬೇಡಿ.

ಉಳಿದವಕ್ಕೂ ಕ್ರಮ ಇದೇ, ಹೊತ್ತು ಮಾತ್ರ ಬೇರೆ. ಇಲ್ಲಿನವರು ಫರಸಬೀ ಎನ್ನುವ ಹುರುಳಿಕಾಯಿಗೆ ಮೂರು ನಿಮಿಷ, ಸಣ್ಣ ಹೋಳು ಮಾಡಿದ ಗಜ್ಜರಿಗೆ ಎರಡು, ಒಂದಂಗುಲದ ಹೂಕೋಸಿಗೆ ಮೂರು. ಪಾಲಕ್ ಅದೇ ದಿನದ ಪಲ್ಯಕ್ಕಾದರೆ ಅರ್ಧದಿಂದ ಒಂದು ನಿಮಿಷ ಸಾಕು, ಫ್ರೀಜರಿಗಾದರೆ ಎರಡು. ಟೊಮೆಟೊ ಬುಡದಲ್ಲಿ ಕೂಡಿಸು ಗುರುತಿನಂತೆ ಗೀರಿ ಅರ್ಧದಿಂದ ಒಂದು ನಿಮಿಷ ಅದ್ದಿದರೆ ಗೀರಿನ ತುದಿ ಸುರುಳಿ ಎದ್ದು ಸಿಪ್ಪೆ ತಾನಾಗಿ ಬಿಡುತ್ತದೆ. ಈರುಳ್ಳಿ, ಡೊಣ್ಣೆಮೆಣಸಿಗೆ ಇದರ ಗೊಡವೆಯೇ ಬೇಡ, ಹೆಚ್ಚಿ ಹಾಗೇ ಇಡಬಹುದು. ಪುಣೆ ಸಮುದ್ರಮಟ್ಟಕ್ಕಿಂತ 560 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅಷ್ಟಕ್ಕೆ ಹೊತ್ತು ಬದಲಿಸಬೇಕಾಗಿಲ್ಲ.

ಎರಡು ಕಡೆ ಮಾತ್ರ ಬ್ಲಾಂಚನ್ನು ನಂಬಿ ಕೂರಬೇಡಿ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿರುತ್ತವೆ, ಬಿಸಿನೀರಲ್ಲಿ ಅದ್ದಿ ತೆಗೆದರೆ ಅವು ಹೋಗುವುದಿಲ್ಲ. ಹುಣಸೆಹುಳಿ ಬೇಕು, ಪೂರ್ತಿ ಬೇಯಬೇಕು. ಮಳೆಗಾಲದ ಕಣಿಲೆಯಲ್ಲಿ, ಅಂದರೆ ಬಿದಿರಿನ ಎಳೆ ಮೊಳಕೆಯಲ್ಲಿ, ಸಯನೈಡ್ ಬಿಡುವ ಕಹಿ ಅಂಶವಿದೆ. ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಹಾಕಿ, ಆಮೇಲೆ ಚೆನ್ನಾಗಿ ಬೇಯಿಸುವ ಹಿರಿಯರ ಕ್ರಮವನ್ನು ಬಿಡಬೇಡಿ.

ಬಾದಾಮಿಗೆ ಒಲೆ ಮೇಲೆ ಕುದಿಸುವುದೂ ಬೇಡ. 100 ಗ್ರಾಂ ಬಾದಾಮಿ ಬೋಗುಣಿಯಲ್ಲಿ ಹಾಕಿ, ಮುಳುಗುವಷ್ಟು ಕುದಿಯುವ ನೀರು ಹೊಯ್ದು, ಅರವತ್ತು ಎಣಿಸಿ ಬಸಿದು ತಣ್ಣೀರು ಹಾಕಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ದಪ್ಪ ತುದಿಯ ಕಡೆ ಒತ್ತಿದರೆ ಚೂಪು ತುದಿಯಿಂದ ಬೀಜ ಚಿಮ್ಮಿ ಹೋಗುತ್ತದೆ. ಇನ್ನೊಂದು ಕೈ ಅಡ್ಡ ಹಿಡಿಯಿರಿ. ಹತ್ತು ನಿಮಿಷ ಬಿಸಿನೀರಲ್ಲೇ ಮರೆತರೆ ಸಿಪ್ಪೆಯ ಕಂದು ಒಳಕ್ಕಿಳಿದು ಬರ್ಫಿಯ ಬಿಳುಪು ಕೆಡುತ್ತದೆ. ಬಾದಾಮಿ ಹಾಲಿಗೆ ಆಗಲೇ ರುಬ್ಬಬಹುದು. ಪುಡಿ ಮಾಡಿಡುವುದಾದರೆ ಬಟ್ಟೆಯ ಮೇಲೆ ರಾತ್ರಿಯಿಡೀ ಆರಿಸಿ, ಸಣ್ಣ ಉರಿಯ ಬಾಣಲೆಯಲ್ಲಿ ಬಣ್ಣ ಬದಲಾಗದ ಹಾಗೆ ಬೆಚ್ಚಗೆ ಮಾಡಿ. ಮುಂಬಯಿ ಹವೆಯಲ್ಲಿ ಪಸೆ ಉಳಿದ ಬಾದಾಮಿಗೆ ಬೂಷ್ಟು ಬರುವುದು ಬೇಗ. ಗೋವಾದಲ್ಲಿ, ಇಲ್ಲಿನ ಬಾಂದ್ರಾದಲ್ಲಿ ಕ್ರಿಸ್ಮಸ್ಸಿಗೆ ಮಾರ್ಜಿಪಾನ್ ಎನ್ನುವ ಬಾದಾಮಿಯ ಸಿಹಿತಿಂಡಿಯನ್ನು ಗೋಡಂಬಿಯಿಂದ ಮಾಡುವವರು ಬಹಳ. ಗೋಡಂಬಿ ಬೆಳ್ಳಗೇ ಸಿಗುವುದರಿಂದ ಈ ಕೆಲಸವೇ ಇಲ್ಲ. ಹಿತಕಿದ ಅವರೆಬೇಳೆಗೆ ಮಾತ್ರ ರಾತ್ರಿ ತಣ್ಣೀರಲ್ಲಿ ನೆನೆಸುವುದೇ ಒಳ್ಳೆಯದು. ಅವಸರವೆಂದು ಬಿಸಿನೀರು ಹೊಯ್ದರೆ ಹಿತಕುವಾಗ ಬೇಳೆ ಒಡೆಯುತ್ತದೆ.

ಇದೇ ಪದ ಹೊಲದಲ್ಲೂ ಇದೆ, ಅಲ್ಲಿ ಅದಕ್ಕೆ ಬಿಸಿನೀರಿನ ಸಂಬಂಧವಿಲ್ಲ. ಹೂಕೋಸು ಬಿಸಿಲಿಗೆ ಹಳದಿಯಾಗದಂತೆ ರೈತರು ಸುತ್ತಲಿನ ಎಲೆಗಳನ್ನು ಮೇಲಕ್ಕೆ ಮಡಚಿ ಕಟ್ಟುತ್ತಾರೆ. ಬೆಳಕು ತಡೆದು ಬಿಳುಪು ಉಳಿಸುವ ಆ ಕೆಲಸಕ್ಕೂ ಬ್ಲಾಂಚ್ ಎಂದೇ ಹೆಸರು. ಮಂಡಿಯಲ್ಲಿ ತುಸು ಹಳದಿ ತಿರುಗಿದ ಹೂಕೋಸು ಕಂಡರೆ ಅದು ಹಳಸಿದ್ದೆಂದು ಬಿಡಬೇಡಿ, ಬಿಸಿಲು ತಾಗಿರಬಹುದು. ಗಟ್ಟಿಯಾಗಿದ್ದು ಕಪ್ಪು ಚುಕ್ಕೆ ಇಲ್ಲದಿದ್ದರೆ ಅಡುಗೆಗೆ ಅಡ್ಡಿಯಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಇದಕ್ಕೆ ಸರಿಸಾಟಿ ಮಾತಿದೆ: ಬಿಳಿಚಿಕೊಳ್ಳುವುದು. ಹೆದರಿ ಮುಖ ಬಿಳಿಚಿತು ಎನ್ನುವಲ್ಲಿ ಇಂಗ್ಲಿಷಿನವರು ಇದೇ ಕ್ರಿಯಾಪದ ಹಾಕುತ್ತಾರೆ. ಆಸ್ಪತ್ರೆಯ ಕಾಗದದಲ್ಲಿ ಈ ಪದ ಕಂಡರೆ ಅರ್ಥ ಅದೇ, ಒತ್ತಿದಾಗ ಚರ್ಮ ಬಿಳಿಚುತ್ತದೆಯೇ ಇಲ್ಲವೇ ಎಂದು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಇದನ್ನು ಕಲಿತಿರಲೇಬೇಕು. ದಿನಕ್ಕೆರಡು ಸಲ ಹಿಮ್ಮಡಿ, ಟೊಂಕದ ಕೆಳಗಿನ ಮೂಳೆ, ಮೊಣಕೈ, ಹೆಗಲ ಹಿಂಬದಿ ನೋಡಿ. ಕೆಂಪಗಾದ ಜಾಗವನ್ನು ಬೆರಳಲ್ಲಿ ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಒತ್ತಡದ ಹುಣ್ಣು ಶುರುವಾಗುತ್ತಿದೆ ಎಂದರ್ಥ, ಚರ್ಮ ಒಡೆಯದಿದ್ದರೂ ಸರಿ. ಕಪ್ಪು ಮೈಬಣ್ಣದವರಲ್ಲಿ ಬಿಳಿಚುವುದು ಕಣ್ಣಿಗೆ ಕಾಣಲಿಕ್ಕಿಲ್ಲ. ಅಂಥಲ್ಲಿ ಅಂಗೈ ಹಿಂಬದಿ ತಾಗಿಸಿ, ಆ ಜಾಗ ಅಕ್ಕಪಕ್ಕಕ್ಕಿಂತ ಬಿಸಿಯೇ, ಗಟ್ಟಿಯೇ ನೋಡಿ, ನೋವಿದೆಯೇ ಕೇಳಿ. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ, ಒಳಗಿನ ಚರ್ಮ ಇನ್ನೂ ಹರಿಯುತ್ತದೆ. ನಡುವೆ ತೂತಿರುವ ಬಳೆಯಂತಹ ದಿಂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತ ತಡೆಯುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿಯಾದರೆ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆ ಮುಟ್ಟದ ಹಾಗೆ ಎತ್ತಿಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.