ಬಕೆಟ್ಟಲ್ಲೇ ಮಾಡಿಕೊಂಡ ಡಸ್ಟ್ ಸೆಪರೇಟರ್

ಮರ ಕೊರೆಯುವ ರೂಟರ್‌ಗೋ ಉಜ್ಜಿ ನಯಮಾಡುವ ಸ್ಯಾಂಡರ್‌ಗೋ ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿಸಿಕೊಂಡು ಮರಗೆಲಸ ಮಾಡುವವರಿಗೆಲ್ಲ ಈ ಕಾಟ ಗೊತ್ತು. ಸ್ವಲ್ಪ ಹೊತ್ತಿಗೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಳೆತ ಕಡಿಮೆಯಾಗುತ್ತದೆ, ಮೋಟರ್ ಮಾತ್ರ ಸುಮ್ನೆ ಕಿರುಚುತ್ತಿರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ದರಂತೂ ಕೇಳಲೇಬೇಡಿ. ಅದಕ್ಕೇ ಹೊಟ್ಟು ಫಿಲ್ಟರ್ ತನಕ ಹೋಗದ ಹಾಗೆ ಮೆಶಿನ್‌ಗೂ ಕ್ಲೀನರ್‌ಗೂ ನಡುವೆ ಒಂದು ಬಕೆಟ್ ಇಟ್ಟೆ.

ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರ್ಪಡಿಸುವ, ಕೋನ್ ಇರುವ ಸೈಕ್ಲೋನ್ ಮಾಡೋದು ತಗಡಿನ ಕೆಲಸ. ನಾನು ಆರಿಸಿಕೊಂಡದ್ದು ಥೀನ್ ಬ್ಯಾಫಲ್, ಅಂದರೆ ಬಕೆಟ್ ಒಳಗೆ ತೂಗುವ, ಅಂಚಿನಲ್ಲಿ ಸಂದಿರುವ ಒಂದು ತಡೆಬಿಲ್ಲೆ. ಪ್ಲೈವುಡ್, ಜಿಗ್‌ಸಾ ಗರಗಸ ಇದ್ದರೆ ಸಾಕು. ಬಕೆಟ್‌ನ ಒಳಸುತ್ತಿಗೆ ಸರಿಯಾಗಿ ಕೂರುವ ಒಂದು ಬಿಲ್ಲೆ ಕತ್ತರಿಸಿ, ಅದರ ಅಂಚಿನಲ್ಲಿ 240 ಡಿಗ್ರಿಯಷ್ಟು ದೂರಕ್ಕೆ ಸುಮಾರು 28 ಮಿಲಿಮೀಟರ್ ಅಗಲದ ಪಟ್ಟಿ ತೆಗೆದುಹಾಕಬೇಕು. ಈ ಬಿಲ್ಲೆಯನ್ನು ಉದ್ದ ಬೋಲ್ಟ್‌ಗಳಿಂದ ಮುಚ್ಚಳಕ್ಕೆ ತೂಗುಹಾಕಿದೆ. ಗಾಳಿ ಒಳಬರುವ ಎಲ್ಬೋ (ಬಾಗಿದ ಪೈಪ್) ಮುಚ್ಚಳದ ಅಂಚಿನಲ್ಲಿ, ಬಾಯಿ ಬಕೆಟ್‌ನ ಗೋಡೆ ಸವರಿಕೊಂಡು ಹೋಗುವ ಹಾಗೆ. ಹೊರಹೋಗುವ ಪೈಪ್ ನಡುಮಧ್ಯೆ. ಗಾಳಿ ಗಿರಗಿರ ಸುತ್ತುವಾಗ ಭಾರದ ಹೊಟ್ಟು ಗೋಡೆಗೆ ಒತ್ತಿಕೊಂಡು ಸಂದಿನಿಂದ ಕೆಳಗೆ ಬೀಳುತ್ತದೆ. ಬಿದ್ದದ್ದು ಮತ್ತೆ ಮೇಲೇಳದಂತೆ ಬಿಲ್ಲೆ ತಡೆಯುತ್ತದೆ. ಅಷ್ಟೇ ಇದರ ಗುಟ್ಟು.

ಜನ ಸಂದಿನ ಅಳತೆ ಬಗ್ಗೆ ಬಹಳ ತಲೆಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನಡೆಯುತ್ತದೆ, ಗಾಳಿ ಸೋರಿದರೆ ಮಾತ್ರ ನಡೆಯಲ್ಲ. ಬಕೆಟ್ ಒಳಗೆ ಒತ್ತಡ ಕಡಿಮೆ ಇರುತ್ತದೆ ಅಲ್ವಾ, ಹಾಗಾಗಿ ಎಲ್ಲೋ ಒಂದು ಸಣ್ಣ ತೂತಿದ್ದರೂ ಹೊರಗಿನ ಗಾಳಿ ನುಗ್ಗಿ, ಕೆಳಗೆ ತಣ್ಣಗೆ ಕೂತಿದ್ದ ಪುಡಿಯನ್ನು ಎಬ್ಬಿಸಿ ನೇರ ಫಿಲ್ಟರ್‌ಗೆ ಕಳಿಸುತ್ತದೆ. ಪೈಪ್ ಸೇರುವ ಕಡೆಗೆಲ್ಲ ಸಿಲಿಕೋನ್ ಬಳಿದೆ, ಮುಚ್ಚಳದ ಅಂಚಿಗೆ ಮೆತ್ತನೆಯ ಫೋಮ್ ಪಟ್ಟಿ ಅಂಟಿಸಿದೆ. ಮೆಶಿನ್ ಓಡುವಾಗ ಒದ್ದೆ ಕೈಯನ್ನು ಸುತ್ತಲೂ ಆಡಿಸಿ ನೋಡಿ. ಸೋರುವ ಜಾಗದಲ್ಲಿ ಚರ್ಮಕ್ಕೆ ತಣ್ಣಗೆ ತಾಗುತ್ತದೆ.

ಬಕೆಟ್ ಗಟ್ಟಿ ಇರಲಿ. ಹೋಸ್‌ನ ಬಾಯಿ ಮುಚ್ಚಿಹೋಗಿ ಒಳಗೆ 20 ಕಿಲೋಪ್ಯಾಸ್ಕಲ್ ಎಳೆತ ಹುಟ್ಟಿತು ಅಂದುಕೊಳ್ಳಿ. 30 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ ಸುಮಾರು 140 ಕಿಲೋ ಭಾರ ಕೂತಂತೆ! ತೆಳು ಬಕೆಟ್ ನುಜ್ಜುಗುಜ್ಜಾಗದೆ ಇನ್ನೇನಾಗುತ್ತದೆ? ನಾನು ಮುಚ್ಚಳಕ್ಕೆ ಪ್ಲೈವುಡ್ಡನ್ನೇ ಬಳಸಿದೆ, ಬಕೆಟ್ ಒಳಗೂ ಒಂದು ಪ್ಲೈ ಬಳೆ ಕೂರಿಸಿದೆ.

ಈಗ ಹೆರೆದ ಸಿಪ್ಪೆ, ಗರಗಸದ ಹೊಟ್ಟು ಹೆಚ್ಚುಕಡಿಮೆ ಎಲ್ಲಾ ಬಕೆಟ್‌ನಲ್ಲೇ ನಿಲ್ಲುತ್ತದೆ. ಸ್ಯಾಂಡರ್‌ನ ನುಣ್ಣನೆಯ ಧೂಳು ಸ್ವಲ್ಪ ದಾಟಿಹೋಗುತ್ತದೆ. ಶ್ವಾಸಕೋಶಕ್ಕೆ ಇಳಿಯೋದು ಅದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಹಾಗಾಗಿ ಫಿಲ್ಟರ್ ಒಳ್ಳೆಯದೇ ಹಾಕಿ, ಮಾಸ್ಕ್ ಬಿಡಬೇಡಿ. ಬಕೆಟ್ ಖಾಲಿ ಮಾಡುವಾಗಲೂ ಅಷ್ಟೇ. ಹೊಟ್ಟು ಬಿಲ್ಲೆಯ ಹತ್ತಿರಕ್ಕೆ ಬಂದರೆ ಮತ್ತೆ ಮೇಲಕ್ಕೆ ಹಾರತೊಡಗುತ್ತದೆ, ಅದಕ್ಕೇ ನಾನು ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದ ಕೂಡಲೇ ಹೊರಗೆ ಒಯ್ದು ಸುರಿದುಬಿಡುತ್ತೇನೆ.