ಪೋಷಕರ ಗುಂಪಿಗೆ ಪುಸ್ತಕದ ಪುಟ ಹಾಕುವ ಮುಂಚೆ

ಮಡಿಕೇರಿ ಇರಲಿ, ಗೋಣಿಕೊಪ್ಪಲು ಇರಲಿ, ಶಾಲೆಯ ಪೋಷಕರ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ ಒಬ್ಬರು ಮಕ್ಕಳ ಕಥೆಪುಸ್ತಕದ ಇಡೀ ಪಿಡಿಎಫ್ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಕನ್ನಡದಲ್ಲಿ ಮಕ್ಕಳಿಗೆ ಅಂತ ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ ಸಿಗುವ ದುಡ್ಡೇ ಕಮ್ಮಿ, ಅದನ್ನೂ ನಾವು ತಪ್ಪಿಸಬಾರದು ಅಲ್ವಾ?

'ಶಾಲೆಗೆ ತಾನೇ' ಎಂದು ಸುಮ್ನೆ ಹಾಕಬೇಡಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ನಿಜ. ಪಾಠ ಮಾಡುವಾಗ ಟೀಚರ್ ಅಥವಾ ವಿದ್ಯಾರ್ಥಿ ಪ್ರತಿ ಮಾಡಿಕೊಳ್ಳಬಹುದು, ಪ್ರಶ್ನೆಪತ್ರಿಕೆಗೂ ಬಳಸಬಹುದು. ಪೋಷಕರ ಸಂಘ ಅಚ್ಚು ಹಾಕಿಸುವ ಸ್ಮರಣ ಸಂಚಿಕೆ ಪಾಠವಲ್ಲ. ಅದಕ್ಕೆ ಒಪ್ಪಿಗೆ ಕೇಳಲೇಬೇಕು. ಲೇಖಕರ ಹೆಸರು ಹಾಕಿದರೆ ಸಾಕು ಎನ್ನುವವರು ಜಾಸ್ತಿ, ಹೆಸರು ಹಾಕುವುದು ಬೇರೆ, ಒಪ್ಪಿಗೆ ಬೇರೆ.

ಮೊದಲು ಪುಸ್ತಕ ಎಷ್ಟು ಹಳೆಯದು ನೋಡಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕೊಡವರ ಜನಪದ ಹಾಡುಗಳ ಸಂಗ್ರಹ, ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ ಬಂತು, ಅವರು 1931ರಲ್ಲಿ ತೀರಿಕೊಂಡರು, ಹಾಗಾಗಿ ಪುತ್ತರಿ (ಸುಗ್ಗಿ ಹಬ್ಬ) ಹಾಡನ್ನು ಆ ಮೂಲದಿಂದ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ 2003ರಲ್ಲಿ ಬಂದ ಅದರ ಇಂಗ್ಲಿಷ್ ಅನುವಾದದ ಹಕ್ಕು ಅನುವಾದಕರ ಕಡೆಯದು. ಮೂಲ ಹಳೆಯದು ಎಂದು ಅದನ್ನೂ ಹಾಕುವಂತಿಲ್ಲ.

ಹಕ್ಕು ಯಾರದು ಎಂಬುದು ಶೀರ್ಷಿಕೆ ಪುಟದ ಹಿಂದೆ ಅಚ್ಚಾಗಿರುತ್ತದೆ. ಲೇಖಕರದ್ದೋ, ಪ್ರಕಾಶಕರದ್ದೋ ನೋಡಿಕೊಂಡು ಅವರಿಗೆ ಇಮೇಲ್ ಮಾಡಿ, ಉದ್ದ ಪೀಠಿಕೆ ಬೇಡ:

'ನಮಸ್ಕಾರ ಸರ್. ನಮ್ಮದು ಸೋಮವಾರಪೇಟೆ ತಾಲೂಕಿನ ಶಾಲೆಯ ಪೋಷಕರ ಸಂಘ. ತಮ್ಮ ಪುಸ್ತಕದ 12ರಿಂದ 15ನೇ ಪುಟದ ಕಥೆಯನ್ನು ನಮ್ಮ ಸ್ಮರಣ ಸಂಚಿಕೆಯಲ್ಲಿ ಹಾಕಬೇಕೆಂದಿದ್ದೇವೆ. 200 ಪ್ರತಿ, ಮಾರಾಟಕ್ಕಲ್ಲ. ತಮ್ಮ ಮತ್ತು ಪ್ರಕಾಶಕರ ಹೆಸರು ಹಾಕುತ್ತೇವೆ. ದಯವಿಟ್ಟು ಬರಹದಲ್ಲಿ ಒಪ್ಪಿಗೆ ಕೊಡಿ.'

ವಾಟ್ಸ್‌ಆಪ್‌ನಲ್ಲೂ ಹಂಚುವುದಿದ್ದರೆ ಅದನ್ನೂ ಬರೆಯಿರಿ, ಅಚ್ಚಿಗೆ ಕೊಟ್ಟ ಒಪ್ಪಿಗೆ ಮೊಬೈಲಿಗೆ ಸಲ್ಲುವುದಿಲ್ಲ. ಚಿತ್ರಗಳ ಹಕ್ಕು ಕಲಾವಿದರದ್ದೇ ಇರಬಹುದು, ಕೇಳಿ. ಫೋನಿನಲ್ಲಿ 'ಆಯ್ತು, ಹಾಕ್ಕೊಳ್ಳಿ' ಎಂದರೆ ಸಾಲದು. ಉತ್ತರವೇ ಬರಲಿಲ್ಲವಾ? ಇನ್ನೊಮ್ಮೆ ಕೇಳಿ, ಆಗಲೂ ಬರದಿದ್ದರೆ ಬೇರೆ ಕಥೆ ಹುಡುಕಿ.

ಸರ್ಕಾರಿ ಪಠ್ಯಪುಸ್ತಕವಾದರೆ ಶಿಕ್ಷಣ ಇಲಾಖೆಯ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ, ಲಿಂಕ್ ಕಳಿಸಿದರೆ ಸಾಕು.

ಬಂದ ಒಪ್ಪಿಗೆ ಪತ್ರ ಒಬ್ಬರ ಮೊಬೈಲಿನಲ್ಲೇ ಉಳಿಯಬಾರದು. ಪ್ರಿಂಟ್ ತೆಗೆದು ಶಾಲೆಯ ಫೈಲಿಗೆ ಸೇರಿಸಿ, ಮುಂದಿನ ವರ್ಷ ಸಮಿತಿಗೆ ಬರುವವರಿಗೂ ಅದು ಬೇಕಾಗುತ್ತದೆ.